ಹದಿನಾಲ್ಕು ಸಾವಿರ ಕಿಲೋಮೀಟರ್ ಅಂದರೆ ಎಷ್ಟು ದೂರ?

ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ ಅಂತ ಫೋನಿನಲ್ಲಿ ಹುಡುಕಿದರೆ ತಕ್ಷಣ ಉತ್ತರ ಬರುತ್ತದೆ. ಹೆಚ್ಚುಕಡಿಮೆ 14,000 ಕಿಲೋಮೀಟರ್. ನೇರ ವಿಮಾನವಾದರೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಸುಮಾರು 16 ಗಂಟೆ, ವಾಪಸ್ ಬೆಂಗಳೂರಿಗೆ 17 ಗಂಟೆ ಅಥವಾ ಇನ್ನೂ ಸ್ವಲ್ಪ ಜಾಸ್ತಿ. ಭೂಮಿಯ ಮೇಲೆ ಯಾವ ಎರಡು ಊರುಗಳೂ ಸುಮಾರು 20,000 ಕಿಲೋಮೀಟರಿಗಿಂತ ಹೆಚ್ಚು ದೂರ ಇರಲು ಸಾಧ್ಯವೇ ಇಲ್ಲ, ಅಷ್ಟು ದೂರ ಹೋದಮೇಲೆ ಯಾವ ಕಡೆ ಹೆಜ್ಜೆ ಇಟ್ಟರೂ ಅದು ವಾಪಸ್ ಬರುವ ಹೆಜ್ಜೆಯೇ. ಹಾಗೆ ನೋಡಿದರೆ ಈ ಭೂಮಿ ಇಬ್ಬರನ್ನು ದೂರ ಇಡಬಹುದಾದ ಹತ್ತು ಪಾಲಿನಲ್ಲಿ ಏಳು ಪಾಲು ನಮ್ಮ ಎರಡು ಊರುಗಳ ಮಧ್ಯೆಯೇ ಇದೆ.

ನಾನಿರುವುದು ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟಿನಲ್ಲಿ. ಅಮ್ಮ ಇರುವುದು ಶಿರಸಿ ಹತ್ತಿರದ ಹಳ್ಳಿಯಲ್ಲಿ, ಅಡಿಕೆ ತೋಟದ ಮನೆಯಲ್ಲಿ. 14,000 ಅನ್ನುವ ಅಂಕಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದು ಗಾಳಿ ಬೀಸದ, ಗಡಿಗಳಿಲ್ಲದ, ಯಾರಿಗೂ ವಯಸ್ಸಾಗದ ಭೂಮಿಯ ಅಂಕಿ. ಅದನ್ನು ನಂಬಿಕೊಂಡು ನಮ್ಮಂಥವರು ಊರಿನಲ್ಲಿರುವವರಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದೇವೆ. ನಾನು ಬರೆಯಹೊರಟದ್ದು ಆ ಮಾತಿನ ಬಗ್ಗೆ. ಅದಕ್ಕೆ ಮೊದಲು ದಾರಿಯ ಬಗ್ಗೆ ಹೇಳಬೇಕು, ಯಾಕೆಂದರೆ ಈ ದಾರಿಯನ್ನು ತಿಳಿದಷ್ಟೂ ನನಗೆ ಬೆರಗು ಜಾಸ್ತಿಯಾಗಿದೆ.

ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ತುದಿ ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ಗೋಡೆಯ ನಕ್ಷೆ ನೋಡಿ ಬೆಳೆದವರಿಗೆ ದಾರ ಅರಬ್ಬೀ ಸಮುದ್ರ, ಯುರೋಪ್, ಅಟ್ಲಾಂಟಿಕ್ ದಾಟಿ ಹೋಗಬೇಕು ಅನ್ನಿಸುತ್ತದೆ. ಅದು ಹೋಗುವುದು ಆ ಕಡೆಗೇ ಅಲ್ಲ. ಬೆಂಗಳೂರಿನಿಂದ ಹೊರಟು ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿಕೊಂಡು, ನೇಪಾಳದ ಮೇಲೆ ಏರಿ, ಟಿಬೆಟ್ ದಾಟಿ, ಮಂಗೋಲಿಯಾದ ಪಶ್ಚಿಮ ಭಾಗ ಹಾದು, ಸೈಬೀರಿಯಾವನ್ನು ಉದ್ದಕ್ಕೆ ಸೀಳಿಕೊಂಡು ಆರ್ಕ್‌ಟಿಕ್ ಸಮುದ್ರದ ದಂಡೆಗೆ ಹೋಗಿ, ಅಲ್ಲಿಂದ ಅಲಾಸ್ಕಾಗೆ ಇಳಿದು, ಡೆನಾಲಿ ಪರ್ವತದ ಹತ್ತಿರವೇ ಹಾದು, ಪೆಸಿಫಿಕ್ ಮೇಲೆ ಕ್ಯಾಲಿಫೋರ್ನಿಯಾ ಸೇರುತ್ತದೆ. ಇದೇ ಅತಿ ಹತ್ತಿರದ ದಾರಿ. 14,000 ಅನ್ನುವುದು ಈ ದಾರದ ಉದ್ದ.

ಆದರೆ ಈ ದಾರದ ಮೇಲೆ ಹಾಗೇ ಹಾರುವುದು ಕಷ್ಟ. ಮೊದಲ ತಕರಾರು ಟಿಬೆಟ್‌ನದು. ವಿಮಾನದೊಳಗಿನ ಗಾಳಿಯ ಒತ್ತಡ ಇದ್ದಕ್ಕಿದ್ದಂತೆ ಹೋದರೆ ಪೈಲಟ್ ತಕ್ಷಣ ಸುಮಾರು 10,000 ಅಡಿಗೆ ಇಳಿಸಬೇಕು, ಜನ ಮಾಸ್ಕ್ ಇಲ್ಲದೆ ಉಸಿರಾಡುವಷ್ಟು ಗಾಳಿ ಇರುವುದು ಅಲ್ಲಿ. ಟಿಬೆಟ್‌ನಲ್ಲಿ ನೆಲವೇ ಸರಾಸರಿ 14,000 ಅಡಿಗಿಂತ ಮೇಲಿದೆ. ಇಳಿಯುವುದಕ್ಕೆ ಜಾಗವೇ ಇಲ್ಲ! ಹಾಗಾಗಿ ದೂರ ಹೋಗುವ ವಿಮಾನಗಳು ಸಾಮಾನ್ಯವಾಗಿ ಆ ಪ್ರಸ್ಥಭೂಮಿಯನ್ನು ಬಳಸಿಕೊಂಡು ಹೋಗುತ್ತವೆ. ನೋಡಿ, ಹೊರಟು ಎರಡು ಮೂರು ಗಂಟೆಯೊಳಗೇ ದಾರ ಸಡಿಲವಾಯಿತು.

ಎರಡನೆಯದು ಗಾಳಿ. ನೆಲದಿಂದ ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಒಂದು ಗಾಳಿಯ ಹೊಳೆ ಹರಿಯುತ್ತದೆ, ಜೆಟ್ ಸ್ಟ್ರೀಮ್. ಗಂಟೆಗೆ 150, 200 ಕಿಲೋಮೀಟರ್ ವೇಗ ಅಲ್ಲಿ ಮಾಮೂಲು, ಚಳಿಗಾಲದಲ್ಲಿ ಜಪಾನಿನ ಮೇಲೆ 300 ದಾಟುವುದೂ ಇದೆ. ಬೆಂಗಳೂರಿನಿಂದ ಬರುವ ವಿಮಾನ ಚೀನಾ, ಜಪಾನ್ ಕಡೆ ತಿರುಗಿ, ಈ ಗಾಳಿಗೆ ಬೆನ್ನು ಕೊಟ್ಟು ಪೆಸಿಫಿಕ್ ದಾಟುತ್ತದೆ. ಕಿಲೋಮೀಟರ್ ಜಾಸ್ತಿ, ಗಂಟೆ ಕಡಿಮೆ. ವಾಪಸ್ ಹೋಗುವಾಗ ಇದೇ ಗಾಳಿ ಎದುರು. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಭೂಮಿಯ ಜೊತೆ ಅದರ ಗಾಳಿಯೂ ತಿರುಗುತ್ತದೆ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುತ್ತದೆ. ಬರುವಾಗ ಹೋಗುವಾಗಿನ ವ್ಯತ್ಯಾಸವೆಲ್ಲ ಈ ಹೊಳೆಯದೇ.

ಈ ಗಾಳಿಯನ್ನು ಮೊದಲು ಸರಿಯಾಗಿ ಅಳೆದವರಲ್ಲಿ ಒಬ್ಬರು ಜಪಾನಿನ ಹವಾಮಾನ ವಿಜ್ಞಾನಿ ವಾಸಬುರೊ ಓಯಿಶಿ. 1920ರ ದಶಕದಲ್ಲಿ ತತೆನೊ ಅನ್ನುವ ಊರಿನ ವೀಕ್ಷಣಾಲಯದಿಂದ ಬಲೂನುಗಳನ್ನು ಮೇಲಕ್ಕೆ ಬಿಟ್ಟು, ಅವು ಯಾವ ಕಡೆ ಎಷ್ಟು ಬೇಗ ಓಡುತ್ತವೆ ಅಂತ ಗುರುತು ಹಾಕಿಕೊಳ್ಳುತ್ತಿದ್ದರು. ತಮಗೆ ಸಿಕ್ಕಿದ್ದನ್ನು ಇಡೀ ಜಗತ್ತು ಓದಲಿ ಅಂತ 1926ರಲ್ಲಿ ಎಸ್ಪೆರಾಂಟೊ ಅನ್ನುವ, ಎಲ್ಲ ದೇಶದವರೂ ಕಲಿಯಲಿ ಅಂತ ಕಟ್ಟಿದ ಭಾಷೆಯಲ್ಲಿ ಪ್ರಕಟಿಸಿದರು. ಹೊರಗಿನವರು ಅದನ್ನು ಹೆಚ್ಚಾಗಿ ಗಮನಿಸಲೇ ಇಲ್ಲ. ಎರಡನೇ ಮಹಾಯುದ್ಧದ ಕೊನೆಗೆ ಜಪಾನಿನ ಮೇಲೆ ಹಾರಿದ ಅಮೆರಿಕದ ಬಾಂಬರ್ ವಿಮಾನಗಳು ಈ ಗಾಳಿಗೆ ಸಿಕ್ಕಿ ತತ್ತರಿಸಿದಾಗಲೇ ಅದರ ಬಲ ಎಲ್ಲರಿಗೂ ಗೊತ್ತಾದದ್ದು. ಆ ಮನುಷ್ಯನ ಬಗ್ಗೆ ನನಗೆ ತುಂಬಾ ಗೌರವ. ಇವತ್ತು ಅಮ್ಮನ ವಿಮಾನ ಅರ್ಧ ಗಂಟೆ ಮುಂಚೆ ಇಳಿದರೆ ಅದರಲ್ಲಿ ಅವರ ಬಲೂನುಗಳಿಗೂ ಒಂದು ಪಾಲಿದೆ.

ಮೊದಲ ನೇರ ವಿಮಾನದ ದಿನ ಇಲ್ಲಿನ ಕನ್ನಡಿಗರಿಗೆ ಎಷ್ಟು ಸಂಭ್ರಮ ಆಗಿತ್ತು ಅಂತ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. 2021ರ ಜನವರಿ 9, ಶನಿವಾರ, ರಾತ್ರಿ ಎಂಟೂವರೆಗೆ ಸ್ಯಾನ್ ಫ್ರಾನ್ಸಿಸ್ಕೋದಿಂದ ಏರ್ ಇಂಡಿಯಾದ ಬೋಯಿಂಗ್ 777 ಹೊರಟಿತು. ಕಾಕ್‌ಪಿಟ್ಟಿನಲ್ಲಿ ಇದ್ದವರೆಲ್ಲ ಹೆಣ್ಣುಮಕ್ಕಳು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮುಂದಾಳು, ಜೊತೆಗೆ ಪಾಪಗಾರಿ ತನ್ಮಯಿ, ಆಕಾಂಕ್ಷಾ ಸೋನಾವರೆ, ಶಿವಾನಿ ಮನ್ಹಾಸ್. ಉತ್ತರ ಧ್ರುವದ ಮೇಲಿಂದ ಹಾರಿ, ಹದಿನೇಳು ಗಂಟೆ ಕಳೆದು, ದೇವನಹಳ್ಳಿಯಲ್ಲಿ ಇಳಿದಾಗ ಸೋಮವಾರ ನಸುಕಿನ ಮೂರು ಗಂಟೆ. ಹತ್ತಿದ್ದು ಶನಿವಾರ, ಇಳಿದದ್ದು ಸೋಮವಾರ. ಮಧ್ಯದ ಭಾನುವಾರವನ್ನು ಅವರು ಯಾವ ಊರಿನಲ್ಲೂ ಕಳೆಯಲಿಲ್ಲ.

ಇದರಲ್ಲಿ ಜಾದೂ ಏನೂ ಇಲ್ಲ. ಚಳಿಗಾಲದಲ್ಲಿ ನಮಗೂ ಊರಿಗೂ ಹದಿಮೂರೂವರೆ ಗಂಟೆ ವ್ಯತ್ಯಾಸ, ಇಲ್ಲಿ ಗಡಿಯಾರ ಮುಂದೆ ಮಾಡಿದ ಮೇಲೆ ಹನ್ನೆರಡೂವರೆ. ಈ ಕಡೆ ಬರುವಾಗ ತಮಾಷೆ ಉಲ್ಟಾ. ಮಧ್ಯಾಹ್ನ ಎರಡಕ್ಕೆ ಬೆಂಗಳೂರು ಬಿಟ್ಟು, ಹದಿನಾರು ಗಂಟೆ ಕೂತು, ಅದೇ ದಿನ ಸಂಜೆ ನಾಲ್ಕೂವರೆಗೆ ಇಲ್ಲಿ ಇಳಿಯಬಹುದು. ಅಮ್ಮನಿಗೆ ಟಿಕೆಟ್ ಓದಿ ಹೇಳಿದರೆ ‘ಎರಡೂವರೆ ಗಂಟೆ ಅಷ್ಟೇ ಅಲ್ವಾ, ಶಿರಸಿಯಿಂದ ಹುಬ್ಬಳ್ಳಿಗೆ ಹೋದಷ್ಟೇ ಆಯಿತು’ ಅನ್ನುತ್ತಾಳೆ. ಅವಳಿಗೆ ನಿಜ ಗೊತ್ತು. ನನ್ನನ್ನು ನಗಿಸಲು ಹೇಳುತ್ತಾಳೆ.

ಧ್ರುವದ ದಾರಿ ಕೇಳಲು ಚೆಂದ, ಹಾರುವವರಿಗೆ ಅದು ದೊಡ್ಡ ಜವಾಬ್ದಾರಿ. ಹೊರಗೆ ಮೈನಸ್ 60 ಡಿಗ್ರಿಗೂ ಕೆಳಗಿನ ಚಳಿ ಇರಬಹುದು. ಅಮೆರಿಕದಲ್ಲಿ ತುಂಬಿಸುವ ಇಂಧನ ಮೈನಸ್ 40ಕ್ಕೆ ಹೆಪ್ಪುಗಟ್ಟಬಹುದು, ಬೇರೆ ದೇಶಗಳಲ್ಲಿ ಸಿಗುವುದು ಮೈನಸ್ 47ಕ್ಕೆ. ಟ್ಯಾಂಕಿನ ಇಂಧನ ಅಷ್ಟು ತಣ್ಣಗಾಗದಂತೆ ಪೈಲಟ್‌ಗಳು ಒಂದು ಕಣ್ಣು ಇಟ್ಟೇ ಇರುತ್ತಾರೆ, ಬೇಕಾದರೆ ಸ್ವಲ್ಪ ಬೆಚ್ಚಗಿನ ಗಾಳಿಗೆ ಇಳಿಸುತ್ತಾರೆ ಅಥವಾ ವೇಗ ಹೆಚ್ಚಿಸುತ್ತಾರೆ. ಸೂರ್ಯನಲ್ಲಿ ಬಿರುಗಾಳಿ ಎದ್ದರೆ ಅಲ್ಲಿ ರೇಡಿಯೊ ಕೆಲಸ ಮಾಡುವುದಿಲ್ಲ, ಆಗ ದಾರಿಯನ್ನೇ ಬದಲಿಸಬೇಕು. ಇದೆಲ್ಲದರ ಮೇಲೆ, ಎಲ್ಲಾದರೂ ತುರ್ತಾಗಿ ಇಳಿಯಬೇಕಾದರೆ ಎಲ್ಲಿ ಅನ್ನುವುದನ್ನು ಹೊರಡುವ ಮೊದಲೇ ಬರೆದಿಟ್ಟುಕೊಂಡಿರಬೇಕು.

ಆ ಊರುಗಳ ಹೆಸರು ನಾವು ಕೇಳಿರುವುದಿಲ್ಲ, ಕೇಳುವ ಪ್ರಸಂಗ ಬರುವವರೆಗೆ. 2023ರ ಜೂನ್ 6ರಂದು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನದ ಒಂದು ಎಂಜಿನ್‌ನಲ್ಲಿ ತೊಂದರೆ ಕಾಣಿಸಿಕೊಂಡು ಅದು ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರು, 16 ಸಿಬ್ಬಂದಿ. ರಷ್ಯಾದ ದೂರದ ಪೂರ್ವ ತುದಿಯ ಬಂದರು ಊರು ಅದು. ಅಷ್ಟು ಜನಕ್ಕೆ ಸಾಕಾಗುವಷ್ಟು ಹೋಟೆಲ್ ಇರಲಿಲ್ಲ, ಕೆಲವರು ಶಾಲೆಯ ನೆಲದಲ್ಲಿ ಹಾಸಿಗೆ ಹಾಕಿಕೊಂಡು ಮಲಗಿದರು. ಭಾಷೆ ಬಾರದ, ಅಲ್ಲಿನ ಊಟ ಒಗ್ಗದ ವಯಸ್ಸಾದವರೂ ಇದ್ದರು. ಬೇರೆ ವಿಮಾನ ಬಂದು ಅವರನ್ನು ಕರೆದುಕೊಂಡು ಹೊರಟದ್ದು ಜೂನ್ 8ಕ್ಕೆ. ಆ ಎರಡು ದಿನ ಇಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಪರಿಚಯವೇ ಇಲ್ಲದವರ ತಂದೆತಾಯಿಗಾಗಿ ನಾವೆಲ್ಲ ಫೋನ್ ಹಿಡಿದು ಸುದ್ದಿ ನೋಡುತ್ತಿದ್ದೆವು.

ಇನ್ನು ಗಡಿಗಳು. ಕೆಳಗೆ ಜಗಳ ಆದರೆ ಮೇಲೆ ಆಕಾಶಕ್ಕೂ ಬಾಗಿಲು ಬೀಳುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾ ಮತ್ತು ಪಶ್ಚಿಮದ ದೇಶಗಳು ಒಬ್ಬರ ವಿಮಾನಕ್ಕೆ ಇನ್ನೊಬ್ಬರು ದಾರಿ ಮುಚ್ಚಿದರು. ಹೆಲ್ಸಿಂಕಿಯಿಂದ ಟೋಕಿಯೋಗೆ ಒಂಬತ್ತು ಗಂಟೆಯ ಸುಮಾರಿಗೆ ಹೋಗುತ್ತಿದ್ದ ಫಿನ್‌ಏರ್ ವಿಮಾನ ಹದಿಮೂರು ಗಂಟೆ ಹಾರಬೇಕಾಯಿತು. ಎರಡೂ ಊರುಗಳು ಇದ್ದಲ್ಲೇ ಇದ್ದವು, ಕಿಲೋಮೀಟರೂ ಅಷ್ಟೇ. ನಮ್ಮ ಕಡೆಗೆ ಇದರ ಬಿಸಿ ಬೇರೆ ರೀತಿ ತಟ್ಟಿತು. ಯುನೈಟೆಡ್ ಏರ್‌ಲೈನ್ಸ್ 2020ರಲ್ಲೇ ಸ್ಯಾನ್ ಫ್ರಾನ್ಸಿಸ್ಕೋ–ಬೆಂಗಳೂರು ನೇರ ವಿಮಾನ ಘೋಷಿಸಿತ್ತು, ಅಮೆರಿಕನ್ ಏರ್‌ಲೈನ್ಸ್ ಸಿಯಾಟಲ್–ಬೆಂಗಳೂರು. ಮೊದಲು ಕೋವಿಡ್ ಅಡ್ಡ ಬಂತು, ಆಮೇಲೆ ರಷ್ಯಾದ ಆಕಾಶ. ಎರಡೂ ಹಾರಲೇ ಇಲ್ಲ. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ನಂತರ ಪಾಕಿಸ್ತಾನ ಭಾರತದ ವಿಮಾನಗಳಿಗೆ ತನ್ನ ಆಕಾಶ ಮುಚ್ಚಿತು. ದೆಹಲಿಗೂ ಉತ್ತರ ಅಮೆರಿಕಕ್ಕೂ ನಡುವಿನ ಕೆಲವು ‘ನೇರ’ ವಿಮಾನಗಳು ಇಂಧನಕ್ಕಾಗಿ ವಿಯೆನ್ನಾ, ಕೋಪನ್‌ಹೇಗನ್‌ನಲ್ಲಿ ಇಳಿದು ಹೋಗತೊಡಗಿದವು. ಬೆಂಗಳೂರಿನ ನೇರ ವಿಮಾನವೂ ಒಂದೇ ಸಮನೆ ನಡೆದದ್ದಲ್ಲ. ನಿಂತಿದೆ, ಮತ್ತೆ ಶುರುವಾಗಿದೆ, ವಾರಕ್ಕೆ ಎಷ್ಟು ಅನ್ನುವುದೂ ಬದಲಾಗುತ್ತಾ ಬಂದಿದೆ.

ಇದನ್ನೆಲ್ಲ ಹೇಳಿದಾಗ ಕೆಲವರು ಕೇಳುತ್ತಾರೆ, ಇಷ್ಟಕ್ಕೆಲ್ಲ ಯಾಕೆ ಕೊರಗಬೇಕು, ಮೊದಲೆಲ್ಲ ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗುತ್ತಿರಲಿಲ್ಲವಾ? ನಿಜ. ಸ್ವಾಮಿ ವಿವೇಕಾನಂದರು 1892ರಲ್ಲಿ ಮೈಸೂರಿಗೆ ಬಂದಿದ್ದರು, ಅಮೆರಿಕದ ಪ್ರಯಾಣಕ್ಕೆ ನೆರವಾಗುವುದಾಗಿ ಚಾಮರಾಜೇಂದ್ರ ಒಡೆಯರು ಹೇಳಿದ್ದರು. ಮರುವರ್ಷ ಮೇ 31ಕ್ಕೆ ಮುಂಬಯಿಯಲ್ಲಿ ಹಡಗು ಹತ್ತಿ, ಕೊಲಂಬೊ, ಸಿಂಗಪುರ, ಹಾಂಗ್‌ಕಾಂಗ್, ಯೊಕೊಹಾಮಾ ದಾಟಿ ಅವರು ವ್ಯಾಂಕೂವರ್ ಮುಟ್ಟಿದ್ದು ಜುಲೈ 25ಕ್ಕೆ. ಸುಮಾರು ಎಂಟು ವಾರ. ಅವರಿಗೂ ಊರಿನಲ್ಲಿ ತಾಯಿ ಇದ್ದರು. ಆದರೆ ಆ ಕಾಲದಲ್ಲಿ ಸಮುದ್ರ ದಾಟಿ ಹೊರಟವರು ‘ಏನಾದರೂ ಆದರೆ ತಕ್ಷಣ ಬಂದುಬಿಡ್ತೀನಿ’ ಅಂತ ಹೇಳಿ ಹೊರಡುತ್ತಿರಲಿಲ್ಲ. ಹೇಳಲು ಆಗುತ್ತಿರಲಿಲ್ಲ. ಕಳಿಸಿಕೊಡುವವರೂ ಅದನ್ನು ನಿರೀಕ್ಷಿಸುತ್ತಿರಲಿಲ್ಲ.

ನಾವು ಹೇಳಿದ್ದೇವೆ. ನನ್ನ ವಯಸ್ಸಿನವರೆಲ್ಲ ಹೇಳಿಯೇ ಹೊರಟದ್ದು. ‘ಒಂದು ದಿನದ ದಾರಿ ಅಷ್ಟೇ ಅಮ್ಮಾ. ಫೋನ್ ಮಾಡಿದರೆ ಮರುದಿನ ಇಲ್ಲಿರ್ತೀನಿ.’ ಈ ಧೈರ್ಯ ನಮಗೆ ಕೊಟ್ಟದ್ದು ಆ ಅಂಕಿಗಳೇ. ಹದಿನೇಳು ಗಂಟೆ ಅನ್ನುವುದು ಮನುಷ್ಯ ಮಾತು ಕೊಡಬಹುದಾದಷ್ಟು ಚಿಕ್ಕದು. ಎಂಟು ವಾರವಾಗಿದ್ದರೆ ಕೊಡುತ್ತಿರಲಿಲ್ಲ. ವಿಮಾನ ದೂರವನ್ನು ಕಡಿಮೆ ಮಾಡಿತು, ಸರಿ, ಜೊತೆಗೆ ಹಿಂದೆ ಯಾರ ತಲೆಯ ಮೇಲೂ ಇರದಿದ್ದ ಒಂದು ಹೊಣೆಯನ್ನೂ ತಂದಿಟ್ಟಿತು. ಆ ಹೊಣೆ ನಿಂತಿರುವುದು ಗಾಳಿಯ ಮೇಲೆ, ಯಾವುದೋ ದೇಶದ ಆಕಾಶದ ಮೇಲೆ, ಒಂದು ಕಂಪನಿಯ ವೇಳಾಪಟ್ಟಿಯ ಮೇಲೆ.

2020ರ ಮಾರ್ಚ್ 23ರಿಂದ ಭಾರತಕ್ಕೆ ಮಾಮೂಲಿ ಅಂತರರಾಷ್ಟ್ರೀಯ ವಿಮಾನಗಳು ನಿಂತವು. ಪೂರ್ತಿ ಮತ್ತೆ ಶುರುವಾದದ್ದು 2022ರ ಮಾರ್ಚ್ 27ಕ್ಕೆ. ಮಧ್ಯೆ ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಸರ್ಕಾರದ ವಂದೇ ಭಾರತ್ ವಿಮಾನಗಳು ಬಂದವು, ಆಮೇಲೆ ಕೆಲವು ದೇಶಗಳ ಜೊತೆಗಿನ ಒಪ್ಪಂದದ ವಿಮಾನಗಳು ಬಂದವು. ಆದರೆ ಮೊದಲ ಆ ವಾರಗಳಲ್ಲಿ ಯಾವ ದುಡ್ಡು ಕೊಟ್ಟರೂ, ಯಾರ ಕೈಕಾಲು ಹಿಡಿದರೂ ಹೋಗುವ ದಾರಿಯೇ ಇರಲಿಲ್ಲ. ತಂದೆಯ ಕೊನೆಯ ಕೆಲಸವನ್ನು ಮೊಬೈಲಿನಲ್ಲಿ ನೋಡಿದವರು ನನ್ನ ಪರಿಚಯದವರಲ್ಲೇ ಇದ್ದಾರೆ. ಅವರ ಹತ್ತಿರ ಆ 14,000 ಕಿಲೋಮೀಟರಿನ ಮಾತು ಎತ್ತಲು ನನಗೆ ಈಗಲೂ ಬಾಯಿ ಬರುವುದಿಲ್ಲ.

ನನ್ನ ಅಪ್ಪ ಹೋದದ್ದು ಕೋವಿಡ್ ಎಲ್ಲ ಮುಗಿದ ಮೇಲೆ, ಮಳೆಗಾಲದಲ್ಲಿ. ವಿಮಾನಗಳೆಲ್ಲ ಸರಿಯಾಗಿ ಹಾರುತ್ತಿದ್ದವು. ಅಣ್ಣನ ಫೋನ್ ಬಂದಾಗ ಇಲ್ಲಿ ಸಂಜೆ, ಅಲ್ಲಿ ಬೆಳಗು. ಅವನು ಕೇಳಿದ್ದು ಒಂದೇ ಪ್ರಶ್ನೆ, ‘ನೀ ಬರೋತನಕ ಇಡೋದಾ?’ ಊರಿನಲ್ಲಿ ಈಗ ಇದೊಂದು ವ್ಯವಸ್ಥೆಯೇ ಆಗಿದೆ. ಹೊರದೇಶದಲ್ಲಿ ಮಕ್ಕಳಿರುವ ಮನೆಗೆ ಪೇಟೆಯಿಂದ ಫ್ರೀಜರ್ ಪೆಟ್ಟಿಗೆ ತರಿಸುತ್ತಾರೆ. ಕರೆಂಟು ಇದ್ದರೆ ಸರಿ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬರುತ್ತದೆ ಅಂತ ಹೇಳುವವರಿಲ್ಲ, ಜನರೇಟರ್ ಹುಡುಕಬೇಕು. ಮನೆಯವರು ಯಾರೂ ಊಟ ಮಾಡದೆ ಕೂತಿರುತ್ತಾರೆ. ನೆಂಟರು, ಊರವರು, ಭಟ್ಟರು ಎಲ್ಲರೂ ಕಾಯುತ್ತಿರುತ್ತಾರೆ.

ನಾನು ಲೆಕ್ಕ ಹಾಕಿದೆ. ನೇರ ವಿಮಾನ ಆ ದಿನ ಇರಲಿಲ್ಲ. ಸಿಗುವ ಟಿಕೆಟ್ಟಿನಲ್ಲಿ ರಾತ್ರಿ ಹೊರಟರೆ, ಮಧ್ಯೆ ಒಂದು ಕಡೆ ಇಳಿದು ಹತ್ತಿ, ದೇವನಹಳ್ಳಿ ಸೇರಲು ಒಂದು ದಿನಕ್ಕಿಂತ ಜಾಸ್ತಿ. ಅಲ್ಲಿಂದ ತುಮಕೂರು, ಚಿತ್ರದುರ್ಗ, ಹಾವೇರಿ ದಾಟಿ ಮನೆಗೆ ಇನ್ನೂ ನಾನೂರು ಚಿಲ್ಲರೆ ಕಿಲೋಮೀಟರ್, ಮಳೆಯಲ್ಲಿ ಎಂಟು ಒಂಬತ್ತು ಗಂಟೆ. ಇದು ನನಗೆ ಯಾವಾಗಲೂ ವಿಚಿತ್ರ ಅನ್ನಿಸುತ್ತದೆ. ನೇರ ವಿಮಾನವೇ ಸಿಕ್ಕಿದರೂ, ದಾರಿಯ ಕೊನೆಯ ನೂರಕ್ಕೆ ಮೂರು ಪಾಲು ದೂರಕ್ಕೆ ಒಟ್ಟು ಹೊತ್ತಿನ ಮೂರನೇ ಒಂದು ಪಾಲು ಬೇಕು. ನೆಟ್ಟಿನಲ್ಲಿ ಕಾಣುವ ಹದಿನೇಳು ಗಂಟೆಯಲ್ಲಿ ಶಿರಸಿಯ ರಸ್ತೆ ಸೇರಿಲ್ಲ, ವಿಮಾನ ನಿಲ್ದಾಣದ ಸಾಲು ಸೇರಿಲ್ಲ, ಟಿಕೆಟ್ ಸಿಗುವವರೆಗಿನ ಹೊತ್ತು ಸೇರಿಲ್ಲ. ಎಷ್ಟು ಕೂಡಿಸಿದರೂ ನನಗೆ ನಲವತ್ತು ಗಂಟೆಗಿಂತ ಕಡಿಮೆ ಬರಲಿಲ್ಲ.

ಕಾಯಬೇಡಿ ಅಂತ ಅಣ್ಣನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಸರಿ ಅಂದ. ಅವತ್ತೇ ಮಧ್ಯಾಹ್ನ ತೋಟದ ಮೇಲಿನ ಜಾಗದಲ್ಲಿ ಎಲ್ಲ ಮುಗಿಯಿತು. ನಾನು ಹೋಗಿ ಸೇರಿದ್ದು ಉಳಿದ ದಿನಗಳ ಕಾರ್ಯಕ್ಕೆ. ಆ ನಿರ್ಧಾರದ ಬಗ್ಗೆ ನನಗೆ ಬೇಜಾರಿಲ್ಲ. ಅಮ್ಮನನ್ನು ಎರಡು ದಿನ ಹಾಗೆ ಕೂರಿಸುವುದು ನನಗೆ ಬೇಕಾಗಿರಲಿಲ್ಲ. ಆದರೆ ಅವತ್ತಿನಿಂದ ಯಾರಾದರೂ ಈಗೇನು, ಜಗತ್ತು ಚಿಕ್ಕದಾಗಿದೆ ಅಂದರೆ ನನಗೆ ಒಪ್ಪಲು ಆಗುವುದಿಲ್ಲ. ಮದುವೆಗೆ, ರಜೆಗೆ, ಕೆಲಸಕ್ಕೆ ಜಗತ್ತು ಚಿಕ್ಕದಾಗಿದೆ. ಮುಂಚೆಯೇ ದಿನ ಗೊತ್ತಿರುವ ಎಲ್ಲದಕ್ಕೂ ಚಿಕ್ಕದಾಗಿದೆ.

ಅಪ್ಪ ಹೋದಮೇಲೆ ಅಮ್ಮ ಒಬ್ಬಳೇ ಇಲ್ಲಿಗೆ ಬಂದು ಹೋಗಲು ಶುರು ಮಾಡಿದಳು. ಆಗ ದೂರದ ಇನ್ನೊಂದು ಮುಖ ಕಾಣಿಸಿತು. ನನಗೆ ದೂರ ಅಂದರೆ ಗಂಟೆ. ಅಮ್ಮನಿಗೆ ಗಂಟೆಯ ಚಿಂತೆ ಇಲ್ಲ, ಕೂತರೆ ಎಷ್ಟು ಹೊತ್ತು ಬೇಕಾದರೂ ಕೂರುತ್ತಾಳೆ. ಅವಳು ಕೇಳುವುದು ‘ಎಷ್ಟು ಕಡೆ ಇಳಿದು ಹತ್ತಬೇಕು?’ ಇಳಿಯುವುದೇ ಇಲ್ಲ ಅಂದರೆ ಹತ್ತಿರ. ಒಂದು ಕಡೆ ಅಂದರೆ ದೂರ. ಎರಡು ಕಡೆ ಅಂದರೆ ಬೇಡವೇ ಬೇಡ. ನೇರ ವಿಮಾನದಿಂದ ಎಂಜಿನಿಯರುಗಳಿಗೆ ಅನುಕೂಲ ಅಂತ ಪೇಪರಿನಲ್ಲಿ ಬರೆಯುತ್ತಾರೆ, ಬೆಂಗಳೂರು–ಸಿಲಿಕಾನ್ ವ್ಯಾಲಿ ಅಂತೆಲ್ಲ. ನಾನು ಹೇಳುವುದು, ಅದರ ನಿಜವಾದ ಅನುಕೂಲ ಎಪ್ಪತ್ತು ದಾಟಿದ, ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರಿಗೆ. ನಮಗೆ ನಾಲ್ಕು ಗಂಟೆ ಉಳಿಯುತ್ತದೆ, ಅವರಿಗೆ ಇಡೀ ಪ್ರಯಾಣವೇ ಸಾಧ್ಯವಾಗುತ್ತದೆ.

ನಮ್ಮ ಕಡೆಯ ವಿಮಾನಗಳಲ್ಲಿ ಗಾಲಿಕುರ್ಚಿ ಕೇಳುವವರು ಯಾಕೆ ಇಷ್ಟೊಂದು ಜನ ಅಂತ ಕೆಲವರು ಗೊಣಗುತ್ತಾರೆ. ಅದರಲ್ಲಿ ಎಷ್ಟೋ ಜನಕ್ಕೆ ಕಾಲು ಗಟ್ಟಿಯಾಗಿಯೇ ಇದೆ. ಅಮ್ಮ ಇವತ್ತಿಗೂ ಗುಡ್ಡ ಹತ್ತಿ ಸೊಪ್ಪು ತರುತ್ತಾಳೆ. ಆದರೂ ನಾನು ಅವಳಿಗೆ ಗಾಲಿಕುರ್ಚಿ ಹೇಳಿಯೇ ಹೇಳುತ್ತೇನೆ, ಯಾಕೆಂದರೆ ಗೊತ್ತಿಲ್ಲದ ದೇಶದ, ನಡುವೆ ರೈಲು ಓಡುವಷ್ಟು ದೊಡ್ಡ ವಿಮಾನ ನಿಲ್ದಾಣದಲ್ಲಿ ಅವಳನ್ನು ಒಬ್ಬ ಮನುಷ್ಯ ಕೈಹಿಡಿದು ಸರಿಯಾದ ಗೇಟಿಗೆ ಮುಟ್ಟಿಸುವ ವ್ಯವಸ್ಥೆ ಅಂತ ಎಲ್ಲ ಕಡೆ ಸುಲಭವಾಗಿ ಸಿಗುವುದು ಅದೊಂದೇ. ಭಾಷೆ ಬಾರದವರಿಗೆ ದಾರಿ ತೋರಿಸುವ ಸೇವೆಯನ್ನು ಹೆಸರಿಟ್ಟು, ಸರಿಯಾಗಿ, ಎಲ್ಲ ಕಡೆ ಕೊಟ್ಟರೆ ನಿಜವಾಗಿ ಕುರ್ಚಿ ಬೇಕಾದವರಿಗೂ ಕುರ್ಚಿ ಸಿಗುತ್ತದೆ. ಇಷ್ಟು ಸರಳ ವಿಷಯ ಯಾಕೆ ಆಗುತ್ತಿಲ್ಲ ಅಂತ ನನಗೆ ಸಿಟ್ಟು ಬರುತ್ತದೆ.

ಒಮ್ಮೆ ಮಧ್ಯದ ಒಂದು ನಿಲ್ದಾಣದಲ್ಲಿ ಗಾಲಿಕುರ್ಚಿಯವರನ್ನೆಲ್ಲ ಒಂದು ಮೂಲೆಯಲ್ಲಿ ಸಾಲಾಗಿ ಕೂರಿಸಿ, ಸಿಬ್ಬಂದಿ ಬೇರೆ ಕೆಲಸಕ್ಕೆ ಹೋದರು. ಅಷ್ಟರಲ್ಲಿ ಗೇಟ್ ಬದಲಾಯಿತು. ಇಂಗ್ಲಿಷಿನಲ್ಲಿ ಕೂಗಿದ್ದು ಅಮ್ಮನಿಗೆ ಅರ್ಥವಾಗಲಿಲ್ಲ. ನಾನು ಇಲ್ಲಿ ಕಂಪ್ಯೂಟರಿನಲ್ಲಿ ಹೊಸ ಗೇಟ್ ನೋಡಿ ಫೋನಿನಲ್ಲಿ ಕೂಗುತ್ತಿದ್ದೇನೆ, ಅವಳು ಅಲ್ಲಿ ‘ಇಲ್ಲಿ ಯಾರೂ ಇಲ್ಲ ಮಗಾ’ ಅನ್ನುತ್ತಿದ್ದಾಳೆ. ಅವಳ ಕನ್ನಡ ಕೇಳಿ ಪಕ್ಕದಲ್ಲಿ ಹೋಗುತ್ತಿದ್ದ ದಾವಣಗೆರೆಯ ಹುಡುಗನೊಬ್ಬ ನಿಂತ. ಫೋನ್ ಇಸಿದುಕೊಂಡು ‘ಅಕ್ಕಾ, ನೀವು ಇಡ್ರಿ, ನಾ ಕರ್ಕೊಂಡ್ ಹೋಗ್ತೀನಿ’ ಅಂದ. ಅವನ ವಿಮಾನ ಬೇರೆ, ಊರು ಬೇರೆ. ಅಮ್ಮನನ್ನು ಗೇಟಿಗೆ ಬಿಟ್ಟು, ಫೋಟೋ ಕಳಿಸಿ, ಓಡಿದ. ಆ ಕುರ್ಚಿ ಸಾಲಿನಲ್ಲಿ ಅಮ್ಮನ ಜೊತೆ ಇದ್ದ ಬೇರೆ ಅಜ್ಜಿಯರ ಗತಿ ಏನಾಯಿತೋ ಅಂತ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ.

ಇಲ್ಲಿನ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಏಪ್ರಿಲ್ ಮೇ ಬಂತೆಂದರೆ ಒಂದೇ ಥರದ ಮೆಸೇಜು. ‘ನಮ್ಮ ತಂದೆತಾಯಿ ಇಂಥ ದಿನ ಇಂಥ ವಿಮಾನದಲ್ಲಿ ಬರುತ್ತಿದ್ದಾರೆ. ಅದೇ ವಿಮಾನದಲ್ಲಿ ಯಾರಾದರೂ ಇದ್ದೀರಾ?’ ಯಾರಾದರೂ ಇದ್ದೇ ಇರುತ್ತಾರೆ. ದೇವನಹಳ್ಳಿಯಲ್ಲಿ ಎರಡು ಮನೆಯವರು ಮೊದಲ ಸಲ ಭೇಟಿಯಾಗಿ, ಇಲ್ಲಿ ಇಳಿಯುವಷ್ಟರಲ್ಲಿ ನೆಂಟರಾಗಿಬಿಟ್ಟಿರುತ್ತಾರೆ. ಈ ಒಂದು ಪದ್ಧತಿ ನನಗೆ ತುಂಬಾ ಇಷ್ಟ. ಯಾವ ಕಂಪನಿಯೂ ಕೊಡದ ಸೇವೆಯನ್ನು ಜನ ತಮ್ಮತಮ್ಮಲ್ಲೇ ಮಾಡಿಕೊಂಡಿದ್ದಾರೆ.

ದೇಹದ ಲೆಕ್ಕ ಒಂದು ಬಾಕಿ ಇದೆ. ವಿಮಾನ ಇಳಿದರೂ ನಿದ್ದೆ, ಹಸಿವು ಇನ್ನೂ ಊರಿನಲ್ಲೇ ಇರುತ್ತವೆ. ದೇಹ ಹೊಸ ಹೊತ್ತಿಗೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟೇ ಸರಿಯುತ್ತದೆ. ಹದಿಮೂರು ಗಂಟೆ ವ್ಯತ್ಯಾಸ ಅಂದರೆ ಹಗಲು ರಾತ್ರಿ ಪೂರ್ತಿ ತಿರುಗುಮುರುಗು, ವಯಸ್ಸಾದವರಿಗೆ ಹತ್ತು ಹನ್ನೆರಡು ದಿನ ಬೇಕೇ ಬೇಕು. ಎರಡು ವಾರದ ರಜೆ ಹಾಕಿ ಊರಿಗೆ ಹೋಗುವ ನಮ್ಮಂಥವರು ದೇಹ ಅಲ್ಲಿಗೆ ಬಂದು ಮುಟ್ಟುವ ಹೊತ್ತಿಗೆ ವಾಪಸ್ ಹೊರಡುತ್ತೇವೆ. ಅಮ್ಮನಿಗೆ ರಾತ್ರಿ ಎರಡಕ್ಕೆ ಎಚ್ಚರ ಆದರೆ ಎದ್ದು ಚಹಾ ಮಾಡುತ್ತಾಳೆ. ನಾನೂ ಎದ್ದು ಜೊತೆಗೆ ಕೂರುತ್ತೇನೆ. ಅಪ್ಪನ ಬಗ್ಗೆ ನಾವು ಮಾತಾಡಿದ್ದೆಲ್ಲ ಹೆಚ್ಚಾಗಿ ಆ ಹೊತ್ತಿನಲ್ಲೇ.

ಈ ವರ್ಷ ಅಪ್ಪ ಅಮ್ಮಂದಿರಿಗೆ ಟಿಕೆಟ್ ನೋಡುತ್ತಿರುವವರಿಗೆ ನನ್ನ ಅನುಭವದ ನಾಲ್ಕು ಮಾತು. ನೇರ ವಿಮಾನ ಇದ್ದು, ಕೈಗೆಟುಕುವ ದರ ಇದ್ದರೆ ಎರಡನೇ ಯೋಚನೆ ಮಾಡಬೇಡಿ. ಇಲ್ಲದಿದ್ದರೆ ಒಂದೇ ಕಡೆ ಇಳಿಯುವಂಥದ್ದು ನೋಡಿ, ಮತ್ತು ಎರಡೂ ವಿಮಾನ ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆಬೇರೆ ತೆಗೆದರೆ ಸ್ವಲ್ಪ ದುಡ್ಡು ಉಳಿಯುತ್ತದೆ, ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಕೇಳುವವರಿಲ್ಲ. ಮಧ್ಯೆ ಮೂರು ಗಂಟೆಗಿಂತ ಕಡಿಮೆ ಬೇಡ. ಬೇಗ ಮುಟ್ಟುತ್ತದೆ ಅಂತ ಒಂದೂವರೆ ಗಂಟೆಯದ್ದು ತೆಗೆಯಬೇಡಿ, ಅವರು ಓಡಲಾರರು. ಹೆಸರು, ವಿಮಾನದ ನಂಬರು, ನಿಮ್ಮ ಫೋನ್ ನಂಬರು, ‘ನನಗೆ ಇಂಗ್ಲಿಷ್ ಬರುವುದಿಲ್ಲ, ದಯವಿಟ್ಟು ಈ ಗೇಟಿಗೆ ಕರೆದುಕೊಂಡು ಹೋಗಿ’ ಅನ್ನುವ ಸಾಲು, ಇಷ್ಟನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು, ಕೆಳಗೆ ಅದೇ ಕನ್ನಡದಲ್ಲಿ ಬರೆದು ಪಾಸ್‌ಪೋರ್ಟ್ ಜೊತೆ ಇಡಿ. ಮಾತ್ರೆಗಳು ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆಗೆ ಹಾಕಬೇಡಿ. ಫೋನಿಗೆ ಹೊರದೇಶದಲ್ಲಿ ನಡೆಯುವ ಪ್ಲಾನ್ ಹಾಕಿಸಿ, ನಿಲ್ದಾಣದ ವೈಫೈ ನಂಬಿ ಕೂರಬೇಡಿ. ಮತ್ತೆ ಗುಂಪಿನಲ್ಲಿ ಮೆಸೇಜ್ ಹಾಕಲು ಸಂಕೋಚ ಪಡಬೇಡಿ. ಮೇ ಕೊನೆಯ ವಾರ ಅಮ್ಮ ಬರುತ್ತಿದ್ದಾಳೆ, ಈ ಸಲ ಒಂದು ಕಡೆ ಇಳಿದು ಹತ್ತಬೇಕು. ಆ ವಾರ ಬೆಂಗಳೂರಿನಿಂದ ಹೊರಡುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನಗೊಂದು ಮಾತು ಹೇಳಿ.